ಬಾಲ್ಯದ ಅಸ್ತಮಾ: ನಿಯತ ಔಷಧಸೇವನೆ ಮತ್ತು ಚಿಕಿತ್ಸಾವೆಚ್ಚ

ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನದಲ್ಲಿ ಅಸ್ತಮಾದ ಪ್ರಮಾಣ 1979ರಲ್ಲಿ ಶೇ. 9ರಷ್ಟಿದ್ದುದು 1999ರ ವೇಳೆಗೆ ಶೇ. 29.5ಕ್ಕೆ ಏರಿತ್ತು. ಈ ರೋಗದ ಔಷಧಗಳು ಮುಖ್ಯವಾಗಿ ಎರಡು ಬಗೆಯವು. ಸಾಲ್ಬುಟಮಾಲ್ ಬಿಗಿದ ಶ್ವಾಸನಾಳಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಬುಡೆಸೊನೈಡ್‌ನಂತಹ ಸ್ಟೀರಾಯ್ಡ್ ಇನ್‌ಹೇಲರ್ ನಿತ್ಯ ಬಳಕೆಯಿಂದ ನಾಳಗಳ ಉರಿಯೂತವನ್ನು ನಿಧಾನವಾಗಿ ತಗ್ಗಿಸುತ್ತದೆ. ಮೊದಲನೆಯದರ ಫಲ ಕೂಡಲೇ ಕಾಣುತ್ತದೆ, ಎರಡನೆಯದರದು ಕಾಣುವುದಿಲ್ಲ. ಆದ್ದರಿಂದ ಮಗು ಗೆಲುವಾದೊಡನೆ, ಔಷಧ ಚಟವಾದೀತೆಂಬ ಅಳುಕಿನಿಂದಲೋ ಬೆಲೆಯ ಭಾರದಿಂದಲೋ, ಪಾಲಕರು ನಿಲ್ಲಿಸುವುದು ಈ ಎರಡನೆಯದನ್ನೇ. ಹಾಗೆ ಉಳಿಸಿದ ಹಣ, ಉಬ್ಬಸ ಮರುಕಳಿಸಿದಾಗ ತುರ್ತು ಚಿಕಿತ್ಸೆಗೂ ಆಸ್ಪತ್ರೆವಾಸಕ್ಕೂ ಸಾಲದೆ ಹೋಗಬಹುದು. ತಾಯ್ತಂದೆಯರ ಕೂಲಿಯೂ ಮಗುವಿನ ಪಾಠವೂ ತಪ್ಪುತ್ತವೆ. ಔಷಧಸೇವನೆಯ ಲೋಪವನ್ನು ಕುಟುಂಬದ ಅಶಿಸ್ತೆಂದಷ್ಟೇ ಪರಿಗಣಿಸುವುದು ಸಲ್ಲದು. ಔಷಧದ ಬೆಲೆ, ವೈದ್ಯರ ವಿವರಣೆಗಳೂ ಅದರಲ್ಲಿ ಸೇರಿವೆ.