ನಿಂತ ಕಾರು ಅಷ್ಟೊಂದು ಕಾಯುವುದೇಕೆ?

ಪ್ರಶ್ನೆ: ಹೊರಗೆ 40 ಡಿಗ್ರಿ ಇದ್ದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಹೆಚ್ಚು ಬಿಸಿ ಏಕೆ? ಗಾಜು ಸ್ವಲ್ಪ ಇಳಿಸಿಟ್ಟರೆ ಸಾಲದೆ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಸಾಲದು. ಬಿಸಿಲು ಗಾಜಿನ ಮೂಲಕ ಸಲೀಸಾಗಿ ಒಳಬರುತ್ತದೆ. ಕಪ್ಪು ಡ್ಯಾಶ್‌ಬೋರ್ಡ್, ಸೀಟು, ಸ್ಟಿಯರಿಂಗ್ ಅದನ್ನು ಹೀರಿ ಕಾಯುತ್ತವೆ. ಕಾದ ಮೇಲೆ ಅವು ಹೊರಸೂಸುವುದು ಉದ್ದ ತರಂಗದ ಅವಕೆಂಪು ಕಿರಣ. ಗಾಜು ಅದನ್ನು ಸುಲಭವಾಗಿ ಹೊರಬಿಡದು. ಆದರೆ ಇದಕ್ಕಿಂತ ದೊಡ್ಡ ಕಾರಣ ಬೇರೆ: ಬಿಸಿಗಾಳಿ ಮೇಲೇರಿ ಹೋಗಲು ದಾರಿಯೇ ಇಲ್ಲ, ಮುಚ್ಚಿದ ಪೆಟ್ಟಿಗೆ. ಅರ್ಧ ಗಂಟೆಯಲ್ಲಿ ಒಳಗಿನ ಗಾಳಿ ಹೊರಗಿಗಿಂತ ಸುಮಾರು 20 ಡಿಗ್ರಿ ಹೆಚ್ಚು ಕಾಯಬಹುದು. ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುವುದೂ ಉಂಟು. ಎರಡು ಬೆರಳಷ್ಟು ಗಾಜು ಇಳಿಸಿದರೆ ಹೆಚ್ಚೇನೂ ವ್ಯತ್ಯಾಸವಾಗದು. ಒಳಬರುವ ಶಾಖದ ಮುಂದೆ ಹೊರಹೋಗುವ ಗಾಳಿ ತೀರಾ ಕಡಿಮೆ.

ಬಿಳಿ ಕಾರು ಕಪ್ಪು ಕಾರಿಗಿಂತ ತುಸು ತಂಪು, ನಿಜ. ಆದರೆ ಅದರಿಂದ ಗಾಜು ಚಿಕ್ಕದಾಗುವುದಿಲ್ಲವಲ್ಲ, ಅದರ ಮೂಲಕ ಬಿಸಿಲು ಬರುತ್ತಲೇ ಇರುತ್ತದೆ! ಮುಂದಿನ ಗಾಜಿಗೆ ಬೆಳ್ಳಿಬಣ್ಣದ ಪರದೆ ಹಾಕಿ, ಬಿಸಿಲು ಒಳಬರುವ ಮೊದಲೇ ಹಿಂದಿರುಗುತ್ತದೆ. ಹತ್ತಿದ ಕೂಡಲೇ ಏಸಿ ಹಾಕುವ ಬದಲು ನಾಲ್ಕೂ ಬಾಗಿಲು ತೆರೆದು ಬಿಸಿಗಾಳಿಯನ್ನು ಹೊರಗಟ್ಟಿ. ಲೈಟರ್, ಸೆಂಟಿನ ಸ್ಪ್ರೇ ಡಬ್ಬಿ, ಪವರ್ ಬ್ಯಾಂಕ್ ಒಳಗೆ ಬಿಡಬೇಡಿ. ಸಿಡಿಯಬಹುದು, ಬೆಂಕಿ ಹತ್ತಬಹುದು.

ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. "ಐದೇ ನಿಮಿಷ, ಬಂದುಬಿಡ್ತೀನಿ" ಎಂದು ಮಗುವನ್ನು ಕಾರಿನಲ್ಲಿ ಬಿಟ್ಟು ಅಂಗಡಿಗೆ ಹೋಗಲೇಬೇಡಿ.