ಒಂದೇ ಆಸ್ತಿಗೆ ಏಕಕಾಲದಲ್ಲಿ ಎರಡು ಪಾವತಿ: ದತ್ತಾಂಶ ಸಾಲಿನ ಬೀಗದ ಕುರಿತು ಮಾಹಿತಿ

ಗ್ರಾಮ ಪಂಚಾಯಿತಿಯ ಬೇಡಿಕೆ, ವಸೂಲಿ ಹಾಗೂ ಬಾಕಿ ವಹಿಯು ಕಾಗದದಲ್ಲಿದ್ದಾಗ, ಒಬ್ಬರು ಬರೆಯುತ್ತಿರುವಾಗ ಮತ್ತೊಬ್ಬರು ಕಾಯಲೇಬೇಕಿತ್ತು. ಇಂದು ಲೆಕ್ಕವು ಗಣಕೀಕೃತ ಕೋಷ್ಟಕಗಳಲ್ಲಿದ್ದು, ಒಂದೇ ಸಾಲನ್ನು ಹಲವರು ಏಕಕಾಲದಲ್ಲಿ ತೆರೆಯಬಹುದಾಗಿದೆ.

ಉದಾಹರಣೆಗೆ, ಸಹಕಾರನಗರದಲ್ಲಿ ವಾಸಿಸುವ ಮಾಲೀಕರೊಬ್ಬರಿಗೆ ಯಲಹಂಕ ತಾಲ್ಲೂಕಿನ ಗ್ರಾಮವೊಂದರಲ್ಲಿ ನಿವೇಶನವಿದ್ದು, ತೆರಿಗೆ ಬಾಕಿ ರೂ. 4,000 ಇದೆಯೆಂದು ಭಾವಿಸೋಣ. ಅವರು ಮನೆಯಿಂದಲೇ ಆನ್‌ಲೈನ್‌ ಮೂಲಕ ರೂ. 3,000 ಪಾವತಿಸುತ್ತಾರೆ. ಅದೇ ಕ್ಷಣದಲ್ಲಿ ಅವರ ಸಹೋದರರು ಪಂಚಾಯಿತಿ ಕಚೇರಿಯಲ್ಲಿ ರೂ. 1,000 ಕಟ್ಟುತ್ತಾರೆ. ಎರಡೂ ಗಣಕಯಂತ್ರಗಳು ಬಾಕಿಯನ್ನು ರೂ. 4,000 ಎಂದೇ ಓದುತ್ತವೆ. ಮೊದಲನೆಯದು ರೂ. 1,000 ಬಾಕಿಯೆಂದು ಬರೆಯುತ್ತದೆ. ಎರಡನೆಯದು ಅದರ ಮೇಲೆ ರೂ. 3,000 ಎಂದು ಬರೆಯುತ್ತದೆ. ಪೂರ್ಣ ತೆರಿಗೆ ಕಟ್ಟಿದವರ ಹೆಸರಿನಲ್ಲಿ ರೂ. 3,000 ಬಾಕಿ ಉಳಿಯುತ್ತದೆ.

ಇದನ್ನು ತಡೆಯುವ ಕ್ರಮವೇ ಸಾಲಿನ ಬೀಗ. ತಿದ್ದುವ ಉದ್ದೇಶದಿಂದ ಸಾಲನ್ನು ಓದುವಾಗಲೇ ತಂತ್ರಾಂಶವು ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಆದೇಶದ ಮೂಲಕ ಬೀಗ ಹಾಕುತ್ತದೆ. ಅದೇ ಆದೇಶದೊಂದಿಗೆ ಬರುವ ಎರಡನೆಯ ವ್ಯವಹಾರವು ಮೊದಲನೆಯದು ಮುಗಿಯುವವರೆಗೆ ಕಾಯ್ದು, ರೂ. 1,000 ಎಂಬ ಹೊಸ ಬಾಕಿಯನ್ನು ಓದಿ, ಅದನ್ನು ಶೂನ್ಯಗೊಳಿಸುತ್ತದೆ. ಬೀಗ ಬೀಳುವುದು ಆ ಒಂದು ಸಾಲಿಗೆ ಮಾತ್ರ. ಇತರ ಆಸ್ತಿಗಳ ಪಾವತಿಗೆ ಅಡ್ಡಿಯಿಲ್ಲ. ಪೋಸ್ಟ್‌ಗ್ರೆಸ್‌ನಂತಹ ವ್ಯವಸ್ಥೆಗಳಲ್ಲಿ ಬಾಕಿಯನ್ನು ಕೇವಲ ನೋಡುವವರೂ ಕಾಯಬೇಕಿಲ್ಲ.

ಬೀಗಕ್ಕೂ ಶಿಸ್ತು ಅಗತ್ಯ. ಒಂದು ವ್ಯವಹಾರವು 12ನೇ ಆಸ್ತಿಯ ಸಾಲನ್ನು ಹಿಡಿದು 15ನೆಯದಕ್ಕೂ, ಮತ್ತೊಂದು 15ನೆಯದನ್ನು ಹಿಡಿದು 12ನೆಯದಕ್ಕೂ ಕಾದರೆ ಎರಡೂ ಮುಂದುವರಿಯಲಾರವು. ಇದನ್ನು ‘ಡೆಡ್‌ಲಾಕ್’ ಎನ್ನುತ್ತಾರೆ. ಆಗ ವ್ಯವಸ್ಥೆಯು ಒಂದು ವ್ಯವಹಾರವನ್ನು ರದ್ದುಪಡಿಸುತ್ತದೆ. ಸದಾ ಕಡಿಮೆ ಸಂಖ್ಯೆಯ ಸಾಲಿಗೆ ಮೊದಲು ಬೀಗ ಹಾಕುವ ನಿಯಮವಿದ್ದರೆ ಈ ತೊಡಕು ಉದ್ಭವಿಸದು. ಬ್ಯಾಂಕಿನ ಉತ್ತರ ಬರುವವರೆಗೆ ಬೀಗ ಹಿಡಿದಿರುವುದೂ ಸರಿಯಲ್ಲ. ಉತ್ತರ ಬಂದ ನಂತರ ಬೀಗ ಹಾಕಿ, ಬರೆದು, ಕೂಡಲೇ ತೆರೆಯಬೇಕು.

ಆದುದರಿಂದ ಪರದೆಯ ಮೇಲೆ ವ್ಯವಹಾರ ವಿಫಲವೆಂಬ ಸೂಚನೆ ಬಂದಾಗ ಸಿಬ್ಬಂದಿಯು ಗುಂಡಿಯನ್ನು ಪದೇಪದೇ ಒತ್ತದೆ, ರಸೀದಿ ಸಂಖ್ಯೆಯನ್ನು ಪರಿಶೀಲಿಸಿ ಮುಂದುವರಿಯುವುದು ಸೂಕ್ತ. ತೆರಿಗೆ ಕಟ್ಟಿದರೂ ಬಾಕಿ ತೋರುತ್ತಿದೆ ಎಂಬ ದೂರು ಬಂದಲ್ಲಿ, ಸದಸ್ಯರು ಎರಡೂ ರಸೀದಿಗಳ ದಿನಾಂಕ ಹಾಗೂ ಸಮಯವನ್ನು ಹೋಲಿಸಿ ನೋಡುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನು ಕೋರಬಹುದು. ಸಮಯಗಳು ಒಂದಕ್ಕೊಂದು ಹೊಂದಿಕೊಂಡಿದ್ದರೆ, ತೆರಿಗೆದಾರರಿಂದ ಮತ್ತೆ ಹಣ ಕೇಳುವ ಮೊದಲು ಲೆಕ್ಕದ ಸಾಲನ್ನು ಪರಿಶೀಲಿಸತಕ್ಕದ್ದು.