ಮಾಂಟಾ ಬಂದಾಗ ಸುಮ್ನಿರಿ!

ಹಾಸ್ಟೆಲ್ ವಾಟರ್ ಫಿಲ್ಟರ್‌ನ ಕ್ಯಾಂಡಲ್ ನೋಡಿದ್ದೀರಲ್ವಾ? ಸ್ವಲ್ಪ ದಿನಕ್ಕೇ ಕಂದು ಬಣ್ಣಕ್ಕೆ ತಿರುಗಿ, ನೀರು ತೊಟ್ಟು ತೊಟ್ಟಾಗಿ ಬೀಳೋಕೆ ಶುರುವಾಗುತ್ತೆ. ರಂಧ್ರ ಸಣ್ಣದಾದ್ರೆ ಬೇಗ ಕಟ್ಟಿಕೊಳ್ಳುತ್ತೆ, ದೊಡ್ಡದಾದ್ರೆ ಕಸ ಒಳಗೆ ನುಗ್ಗುತ್ತೆ. ಈ ತಲೆನೋವು ಇಲ್ಲದ ಒಂದು ಫಿಲ್ಟರ್ ಸಮುದ್ರದಲ್ಲಿ ರೆಕ್ಕೆ ಬಡಿಯುತ್ತಾ ಓಡಾಡ್ತಿದೆ. ಅದೇ ಮಾಂಟಾ ರೇ.

ನಮ್ಮ ಕರಾವಳಿಯವರು ತೊರಕೆ ಅಂತಾರಲ್ಲ, ಆ ಬಳಗದ್ದೇ ಮೀನು ಇದು. ಆದರೆ ಮಾಂಟಾದ ಬಾಲದಲ್ಲಿ ವಿಷದ ಮುಳ್ಳಿಲ್ಲ. ಹವಳದ ದಿಬ್ಬಗಳ ಹತ್ತಿರ ಇರುವ ಜಾತಿ ಸಾಮಾನ್ಯವಾಗಿ 3-4 ಮೀಟರ್ ಅಗಲ. ತೆರೆದ ಸಾಗರದ ಜಾತಿ 7 ಮೀಟರ್‌ವರೆಗೂ ಬೆಳೆಯುತ್ತೆ. ಇಷ್ಟು ದೊಡ್ಡ ದೇಹಕ್ಕೆ ಊಟ ಮಾತ್ರ ಪ್ಲವಕ, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳು.

ಕಟ್ಟಿಕೊಳ್ಳದ ಫಿಲ್ಟರ್

ತಲೆಯ ಮುಂದಿರುವ ಎರಡು ಸುರುಳಿಗಳನ್ನು ಬಿಚ್ಚಿ, ಆಲಿಕೆಯ ಹಾಗೆ ಮಾಡಿಕೊಂಡು ಮಾಂಟಾ ಬಾಯ್ತೆರೆದು ಈಜುತ್ತೆ. ಒಳಗೆ ಬಂದ ನೀರು ಕಿವಿರಿನ ಎಲೆಯಂಥ ಪಟ್ಟಿಗಳ ಮೇಲೆ ಹಾಯುವಾಗ ಪ್ರತಿ ಪಟ್ಟಿಯ ಹಿಂದೆ ಒಂದು ಸುಳಿ ಏಳುತ್ತೆ. ನೀರು ತಿರುಗಿ ರಂಧ್ರದೊಳಗೆ ಹೋಗುತ್ತೆ. ಆಹಾರದ ಕಣ ಪಟ್ಟಿಗೆ ಬಡಿದು, ಕೇರಂ ಕಾಯಿನ್‌ನಂತೆ ಪುಟಿದು ಗಂಟಲ ಕಡೆಗೆ ಸಾಗುತ್ತೆ. ಹಾಗಾಗಿ ರಂಧ್ರಕ್ಕಿಂತ ಚಿಕ್ಕ ಕಣಗಳೂ ಸಿಗುತ್ತವೆ, ಫಿಲ್ಟರ್ರೂ ಕಟ್ಟಲ್ಲ. 2018ರಲ್ಲಿ ಸಂಶೋಧಕರು ಇದನ್ನು ವಿವರಿಸಿದರು. ಫ್ಲೂಯಿಡ್ ಮೆಕ್ಯಾನಿಕ್ಸ್ ಬೋರು ಅನ್ನೋರು ಒಮ್ಮೆ ಯೋಚಿಸಿ!

ಎಲ್ಲಿ, ಹೇಗೆ ನೋಡೋದು?

ಇವನ್ನು ನೋಡಲು ಹೆಸರಾದ ಜಾಗ ಮಾಲ್ಡೀವ್ಸ್. ಹವಳದ ದ್ವೀಪಗಳು ದೂರದೂರ ಚದುರಿರೋದರಿಂದ ಅಲ್ಲಿ ಲಿವ್‌ಅಬೋರ್ಡ್ ಪ್ರವಾಸ ಜನಪ್ರಿಯ. ಊಟ, ನಿದ್ದೆ ಎಲ್ಲಾ ಹಡಗಲ್ಲೇ. ಸಿಲಿಂಡರ್, ಕಂಪ್ರೆಸರ್ ಹೊತ್ತ ಧೋನಿ ಅನ್ನೋ ದೋಣಿ ಜೊತೆಗೇ ಬರುತ್ತೆ. ಮಾಂಟಾ ಎಲ್ಲಿ ಬರುತ್ತೋ ಹಡಗೂ ಅಲ್ಲಿಗೆ ಹೋಗುತ್ತೆ.

ಬಾ ಹವಳ ದ್ವೀಪಸಮೂಹದ ಹನಿಫಾರು ಕೊಲ್ಲಿ ಇದರಲ್ಲಿ ವಿಶೇಷ. ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಪ್ರವಾಹ ಮತ್ತು ಉಬ್ಬರ ಸೇರಿ ಪ್ಲವಕವನ್ನು ಈ ಪುಟ್ಟ ಕೊಲ್ಲಿಗೆ ತುಂಬುತ್ತವೆ. ಕೆಲವು ದಿನ ನೂರಕ್ಕೂ ಹೆಚ್ಚು ಮಾಂಟಾಗಳು ಸೇರಿ ಸುಂಟರಗಾಳಿಯಂತೆ ಸುತ್ತುತ್ತಾ ಉಣ್ಣುತ್ತವೆ. ಜನರೂ ಮುಗಿಬಿದ್ದರು. 2009ರಲ್ಲಿ ಇದು ಸಂರಕ್ಷಿತ ಪ್ರದೇಶವಾಯಿತು, 2012ರಿಂದ ಸ್ಕೂಬಾ ಡೈವಿಂಗೇ ನಿಷಿದ್ಧ. ಸ್ನಾರ್ಕೆಲ್ ಹಾಕಿ ಮೇಲೆ ತೇಲುತ್ತಾ ನೋಡಬೇಕು, ಅದೂ 45 ನಿಮಿಷ ಮಾತ್ರ. ನಷ್ಟವೇನೂ ಇಲ್ಲ, ಊಟ ನಡೆಯೋದು ಹೆಚ್ಚಾಗಿ ಮೇಲ್ಮಟ್ಟದಲ್ಲೇ.

ಡೈವಿಂಗ್ ಬೇಕಾಗೋದು ‘ಕ್ಲೀನಿಂಗ್ ಸ್ಟೇಷನ್’ಗಳಲ್ಲಿ. ಹವಳದ ಬಂಡೆಯೊಂದರ ಮೇಲೆ ಮಾಂಟಾ ನಿಧಾನವಾಗಿ ಸುತ್ತುತ್ತಿದ್ದರೆ, ಪುಟ್ಟ ಮೀನುಗಳು ಬಂದು ಅದರ ಮೈಮೇಲಿನ ಪರಾವಲಂಬಿಗಳನ್ನು ತಿನ್ನುತ್ತವೆ. ಅದಕ್ಕೆ ಸರ್ವೀಸು, ಇವಕ್ಕೆ ಊಟ. ಕೆಲವು ಕಡೆ ರಾತ್ರಿ ಹಡಗಿನ ಹಿಂದೆ ದೀಪ ಇಳಿಬಿಡುತ್ತಾರೆ. ಬೆಳಕಿಗೆ ಪ್ಲವಕ, ಪ್ಲವಕಕ್ಕೆ ಮಾಂಟಾ!

ನಿಯಮ ಯಾಕೆ?

ಮೂರು ಮೀಟರ್ ದೂರ ಇರಿ, ಎದುರಿಗೆ ಹೋಗಬೇಡಿ, ಮುಟ್ಟಬೇಡಿ, ಫ್ಲ್ಯಾಶ್ ಬೇಡ ಅಂತ ಗೈಡ್ ಹೇಳ್ತಾರೆ. ‘ಅಷ್ಟು ದುಡ್ಡು ಕೊಟ್ಟು ಬಂದಿದ್ದೀವಿ, ಒಂದು ಸೆಲ್ಫಿ ಬೇಡ್ವಾ?’ ಅನ್ನಿಸೋದು ಸಹಜ. ಆದರೆ ಮಾಂಟಾ ಉಸಿರಾಡಲು ಕಿವಿರಿನ ಮೂಲಕ ನೀರು ಹರಿಯುತ್ತಲೇ ಇರಬೇಕು. ಅದಕ್ಕೆ ಅದು ಈಜುತ್ತಲೇ ಇರಬೇಕು. ನೀವು ಅಡ್ಡ ಬಂದ್ರೆ ಅದು ನಿಂತು ಕಾಯಲ್ಲ. ಊಟವನ್ನೋ ಸರ್ವೀಸನ್ನೋ ಬಿಟ್ಟು ಹೊರಟೇಹೋಗುತ್ತೆ. ಬೆನ್ನಟ್ಟಿ ಹಿಡಿಯೋ ವೇಗ ನಮಗಿಲ್ಲ. ಸುಮ್ಮನೆ ಪಕ್ಕದಲ್ಲಿದ್ದರೆ ಎಷ್ಟೋ ಸಲ ಅದೇ ಕುತೂಹಲದಿಂದ ಹತ್ತಿರ ಬರುತ್ತೆ. ಆಗ ಹೊಟ್ಟೆಯ ಚುಕ್ಕೆಗಳ ಫೋಟೋ ತೆಗೀರಿ: ನಮ್ಮ ಬೆರಳಚ್ಚಿನಂತೆ ಒಂದೊಂದರದು ಒಂದೊಂದು ವಿನ್ಯಾಸ. ಇಂಥ ಫೋಟೋಗಳಿಂದಲೇ ಸಂಶೋಧಕರು ಅವನ್ನು ಗುರುತಿಸಿ ಲೆಕ್ಕವಿಡುತ್ತಾರೆ.

ನಮ್ಮ ಜೀವಕ್ಕೂ ನಿಯಮ ಇದೆ. ಖುಷಿಯಲ್ಲಿ ಉಸಿರು ಬಿಗಿಹಿಡಿದು ಮೇಲೇರಬೇಡಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡರಷ್ಟು. ಅಲ್ಲಿ ಸಿಲಿಂಡರ್‌ನಿಂದ ಎಳೆದ ಗಾಳಿ ಮೇಲೆ ಬರುವಷ್ಟರಲ್ಲಿ ಇಮ್ಮಡಿಯಾಗಿ ಶ್ವಾಸಕೋಶ ಹರಿಯಬಹುದು. ಬಾಯ್ಲ್ ನಿಯಮಕ್ಕೆ ಗ್ರೇಸ್ ಮಾರ್ಕ್ಸ್ ಇಲ್ಲ. ಲಿವ್‌ಅಬೋರ್ಡ್‌ನಲ್ಲಿ ದಿನಕ್ಕೆ ಮೂರ್ನಾಲ್ಕು ಡೈವ್ ಮಾಡುವುದರಿಂದ ದೇಹದಲ್ಲಿ ಸಾರಜನಕ ಸೇರಿಕೊಂಡಿರುತ್ತೆ. ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು.

ಇನ್ನೊಂದು ಮಾತು. ಮಾಂಟಾ ನೋಡೋಕೆ ಮಾಲ್ಡೀವ್ಸ್‌ಗೆ ಹೋಗಬೇಕು, ನಿಜ. ಆದರೆ ಅದು ನಮ್ಮ ಕಡಲಿನದ್ದೂ ಹೌದು. 2020ರ ಅಕ್ಟೋಬರ್‌ನಲ್ಲಿ ಮಲ್ಪೆಯ ಮೀನುಗಾರರ ಬಲೆಗೆ ಎರಡು ದೈತ್ಯ ಮಾಂಟಾ ಬಿದ್ದಿದ್ದವು. ಒಂದರ ತೂಕ ಸುಮಾರು 750 ಕಿಲೋ. ಕ್ರೇನಿನಲ್ಲಿ ತೂಗಾಡುತ್ತಿದ್ದ ಅದರ ಫೋಟೋವನ್ನು ನಾವೂ ‘ವ್ಹಾ’ ಅಂತ ಫಾರ್ವರ್ಡ್ ಮಾಡಿದ್ವಿ. ಮಾಂಟಾ ಒಂದು ವರ್ಷ ಗರ್ಭ ಹೊತ್ತು ಹೆರೋದು ಸಾಮಾನ್ಯವಾಗಿ ಒಂದೇ ಮರಿ, ಆಮೇಲೆ ಮುಂದಿನದಕ್ಕೆ ವರ್ಷಗಟ್ಟಲೆ ವಿರಾಮ. ಹೋದ ಒಂದರ ಜಾಗ ತುಂಬೋಕೆ ಎಷ್ಟು ಕಾಲ ಬೇಕು, ನೀವೇ ಲೆಕ್ಕ ಹಾಕಿ.

ಕೆಲಸ ಸಿಕ್ಕಿ, ದುಡ್ಡು ಕೂಡಿಟ್ಟು ಹೋದವರು ನೀರಿಗಿಳಿದ ಮೇಲೆ ನೆನಪಿಡಬೇಕಾದ್ದು ಇಷ್ಟೇ: ಕೈಕಾಲು ಸುಮ್ಮನಿರಲಿ, ಉಸಿರು ಮಾತ್ರ ನಡೀತಾ ಇರಲಿ.